ಹರೀಶ್-ಚಂದ್ರರಿಗೆ ಅನ್ಯಾಯವಾಯಿತೇ?

ಸಾಗರದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಪ್ರತಿ ಡಿಸೆಂಬರ್‌ನಲ್ಲೂ ನಿಮ್ಮ ಪತ್ರಿಕೆಯಲ್ಲಿ ರಾಮಾನುಜನ್ ಬಗ್ಗೆ ಲೇಖನ ಬರುತ್ತದೆ. ಸಂತೋಷ. ಆದರೆ ಗಣಿತಜ್ಞ ಹರೀಶ್-ಚಂದ್ರರ ಬಗ್ಗೆ ಒಂದು ಸಾಲನ್ನೂ ನಾನು ನೋಡಿಲ್ಲ. ಅವರು ಬೆಂಗಳೂರಿನಲ್ಲೇ ಎರಡು ವರ್ಷ ಇದ್ದವರು. ಭಾರತೀಯರು ಎಂಬ ಕಾರಣಕ್ಕೆ ಅವರಿಗೆ ಫೀಲ್ಡ್ಸ್ ಪದಕ ತಪ್ಪಿಸಿದರಂತೆ, ನಿಜವೇ? ಅವರು ಮಾಡಿದ ಗಣಿತವಾದರೂ ಏನು? ಈ ಹೆಸರನ್ನು ಮನೆಗೆ ತಂದವಳು ನನ್ನ ಮೊಮ್ಮಗಳು. ಫಿಸಿಕ್ಸ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಮುಗಿದ ಮೇಲೆ ಗಣಿತಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಕೇಳಿದರೆ ಹರೀಶ್-ಚಂದ್ರ ಹೋಗಲಿಲ್ವಾ ಅನ್ನುತ್ತಾಳೆ. ಅವಳ ಅಪ್ಪ ಅಮ್ಮನಿಗೆ ದಿಗಿಲು."

ಮೇಷ್ಟ್ರೇ, ನಮಸ್ಕಾರ.

ಮೊದಲು ಪದಕದ ವಿಷಯ ಮುಗಿಸಿಬಿಡೋಣ. ನಿಮ್ಮ ಪತ್ರದಲ್ಲಿ ಬಿಸಿ ಜಾಸ್ತಿ ಇರುವುದು ಅಲ್ಲೇ.

1958ರಲ್ಲಿ ಎಡಿನ್‌ಬರೋದಲ್ಲಿ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನ ನಡೆಯಿತು. ಆ ಸಲ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದವರು ಫ್ರಾನ್ಸಿನ ರೆನೆ ತೋಮ್ ಮತ್ತು ಬ್ರಿಟನ್ನಿನ ಕ್ಲಾಸ್ ರಾತ್. ಹರೀಶ್-ಚಂದ್ರರ ಹೆಸರೂ ಸಮಿತಿಯ ಮುಂದಿತ್ತು. ಮುಂದೇನಾಯಿತು ಎಂಬುದನ್ನು ಅವರ ಸಹೋದ್ಯೋಗಿಯಾಗಿದ್ದ ರಾಬರ್ಟ್ ಲ್ಯಾಂಗ್‌ಲ್ಯಾಂಡ್ಸ್ ಬರೆದಿದ್ದಾರೆ. ಸಮಿತಿಯಲ್ಲಿ ಗಟ್ಟಿ ಗಂಟಲಿನ ಸದಸ್ಯರೊಬ್ಬರಿದ್ದರು. ಅವರಿಗೆ ಬೂರ್ಬಾಕಿ ಅಂದರೆ ಆಗುತ್ತಿರಲಿಲ್ಲ. ಬೂರ್ಬಾಕಿ ಅಂದರೆ ಒಬ್ಬ ಮನುಷ್ಯನಲ್ಲ. ಆ ಹೆಸರಿಟ್ಟುಕೊಂಡು ಇಡೀ ಗಣಿತವನ್ನು ಬುಡದಿಂದ ಬರೆಯಲು ಹೊರಟ ಫ್ರೆಂಚ್ ಗಣಿತಜ್ಞರ ಗುಂಪು. ತೋಮ್ ಆ ಕಡೆಯವರು ಎಂದು ಈ ಸದಸ್ಯರ ಎಣಿಕೆ. ಹರೀಶ್-ಚಂದ್ರರೂ ಅದೇ ಕಡೆಯವರು, ಇಬ್ಬಿಬ್ಬರು ಬೇಡ ಎಂದು ಇವರನ್ನು ಕೈಬಿಟ್ಟರಂತೆ. ತಮಾಷೆ ನೋಡಿ, ಈ ಮನುಷ್ಯ ಯಾವ ಗುಂಪಿಗೂ ಸೇರದೆ ತನ್ನ ಪಾಡಿಗೆ ತಾನು ಕೆಲಸ ಮಾಡಿದವರು.

ಹಾಗಾಗಿ ಅನ್ಯಾಯ ಆಯಿತೇ ಎಂದರೆ ಹೌದು ಅನ್ನುತ್ತೇನೆ. ಭಾರತೀಯರೆಂದು ಆಯಿತೇ ಎಂದರೆ ಈ ಕಥೆಯಲ್ಲಿ ಅದಕ್ಕೆ ಆಧಾರವಿಲ್ಲ. ಇನ್ನೂ ಒಂದು ಮಾತಿದೆ. ಫೀಲ್ಡ್ಸ್ ಪದಕ ನಲವತ್ತರ ಒಳಗಿನವರಿಗೆ. ಹರೀಶ್-ಚಂದ್ರ ಹುಟ್ಟಿದ್ದು 1923ರ ಅಕ್ಟೋಬರ್ 11ರಂದು. ಅವರ ಅತಿ ದೊಡ್ಡ ಕೆಲಸ ಅಚ್ಚಾದದ್ದು 1965 ಮತ್ತು 1966ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. 34ನೇ ವಯಸ್ಸಿನಲ್ಲೇ ಪದಕಕ್ಕೆ ತಕ್ಕವರಾಗಿದ್ದರು, ಅದರಲ್ಲಿ ಅನುಮಾನ ಬೇಡ. ಆದರೆ ಅವರದ್ದು ನಿಧಾನವಾಗಿ ಹಣ್ಣಾಗುವ ಕೆಲಸ. ಬೇಗ ಹಣ್ಣಾದದ್ದನ್ನು ಕೊಯ್ಯುವ ಪದಕ ಅದು. ಎರಡೂ ಕೂಡಿಬರಲಿಲ್ಲ. ಬೇರೆ ಗೌರವಗಳೇನೂ ಕಡಿಮೆ ಇರಲಿಲ್ಲ. 1954ರಲ್ಲಿ ಅಮೆರಿಕದ ಗಣಿತ ಸಂಘದ ಕೋಲ್ ಪ್ರಶಸ್ತಿ, 1973ರಲ್ಲಿ ರಾಯಲ್ ಸೊಸೈಟಿ ಫೆಲೋ, 1974ರಲ್ಲಿ ನಮ್ಮ ವಿಜ್ಞಾನ ಅಕಾಡೆಮಿಯ ರಾಮಾನುಜನ್ ಪದಕ. ಪ್ರಪಂಚಕ್ಕೆ ಅವರು ಗೊತ್ತಿದ್ದರು. ಗೊತ್ತಿಲ್ಲದ್ದು ನಮ್ಮ ಮನೆಗಳಿಗೆ.

ಅದು ಯಾಕೆ ಎಂಬುದೂ ನಿಮ್ಮ ಪತ್ರದೊಳಗಿನ ಪ್ರಶ್ನೆಯೇ. ನನಗೆ ಅನಿಸುವುದನ್ನು ಹೇಳುತ್ತೇನೆ. ರಾಮಾನುಜನ್ ಬದುಕಿನಲ್ಲಿ ಒಂದು ಕಥೆ ಸಿದ್ಧವಾಗಿ ಕೂತಿದೆ. ಬಡತನ, ದೇವಿ, ಹಡಗು, ಚಳಿ, 32ಕ್ಕೇ ಸಾವು. ಬರೆಯುವವನಿಗೆ ಕಷ್ಟವೇ ಇಲ್ಲ. ಅವರ ಕೆಲವು ಸೂತ್ರಗಳನ್ನು ಹತ್ತನೇ ತರಗತಿಯ ಹುಡುಗರಿಗೂ ತೋರಿಸಬಹುದು. ಹರೀಶ್-ಚಂದ್ರರ ಬದುಕಿನಲ್ಲಿ ಅಂಥದ್ದೇನೂ ಇಲ್ಲ. ಒಂದೇ ಸಮಸ್ಯೆಯ ಮುಂದೆ ವರ್ಷಗಟ್ಟಲೆ ಕೂತದ್ದೇ ಅವರ ಕಥೆ. ನಮ್ಮಂಥ ಪತ್ರಿಕೆಗಳಿಗೆ ಅದು ಸುಲಭಕ್ಕೆ ಒಗ್ಗುವುದಿಲ್ಲ. ನಿಮ್ಮ ಪತ್ರದ ನೆಪದಲ್ಲಿ ಆ ಕೂತದ್ದನ್ನೇ ಸ್ವಲ್ಪ ಹೇಳಲು ನೋಡುತ್ತೇನೆ.

ಹುಟ್ಟಿದ್ದು ಕಾನ್ಪುರದಲ್ಲಿ. ತಂದೆ ನೀರಾವರಿ ಇಲಾಖೆಯ ಎಂಜಿನಿಯರ್, ನಾಲೆಗಳ ಜೊತೆ ಊರೂರು ತಿರುಗುವ ಕೆಲಸ. ಹುಡುಗ ಹೆಚ್ಚಾಗಿ ಬೆಳೆದದ್ದು ತಾಯಿಯ ತಂದೆಯ ಮನೆಯಲ್ಲಿ. ಆಗಾಗ ಕಾಯಿಲೆ ಬೀಳುವ ಮಗು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನು. ಆಮೇಲೆ ಅಲಹಾಬಾದ್ ವಿಶ್ವವಿದ್ಯಾಲಯ. ಅಲ್ಲಿನ ಲೈಬ್ರರಿಯಲ್ಲಿ ಪಾಲ್ ಡಿರಾಕ್ ಅವರ ಕ್ವಾಂಟಮ್ ಮೆಕ್ಯಾನಿಕ್ಸ್ ಪುಸ್ತಕ ಕೈಗೆ ಸಿಕ್ಕಿತು. ಓದಿ, ಬದುಕೆಲ್ಲ ಸೈದ್ಧಾಂತಿಕ ಭೌತವಿಜ್ಞಾನಕ್ಕೇ ಎಂದು ಹುಡುಗ ತೀರ್ಮಾನಿಸಿಬಿಟ್ಟ. ಅಲ್ಲಿ ಪ್ರೊಫೆಸರ್ ಆಗಿದ್ದವರು ಕೆ.ಎಸ್. ಕೃಷ್ಣನ್, ರಾಮನ್ ಪರಿಣಾಮದ ಸಂಶೋಧನೆಯಲ್ಲಿ ರಾಮನ್ ಜೊತೆಗಿದ್ದವರು. 1943ರಲ್ಲಿ ಎಂ.ಎಸ್‌ಸಿ. ಮುಗಿಯಿತು. ಹರೀಶ್-ಚಂದ್ರ ಬೆಂಗಳೂರಿನ ರೈಲು ಹತ್ತಿದರು.

ಅಂದ ಹಾಗೆ, ಹೆಸರಿನ ನಡುವಿನ ಅಡ್ಡಗೆರೆ ಅವರು ಹಾಕಿಕೊಂಡದ್ದಲ್ಲ. ಯಾವುದೋ ಜರ್ನಲ್ಲಿನಲ್ಲಿ ಕರಡು ತಿದ್ದುವವರು ಹಾಕಿದರು, ಇವರು ಹಾಗೇ ಉಳಿಸಿಕೊಂಡರು ಎನ್ನುತ್ತಾರೆ. ಪತ್ರಿಕೆಯವನಾದ ನನಗೆ ಈ ಕಥೆ ಬಹಳ ಇಷ್ಟ.

ಆಗಿನ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ನೋಡಬೇಕಿತ್ತು. ಸಿ.ವಿ. ರಾಮನ್ ಭೌತವಿಜ್ಞಾನದ ಪ್ರೊಫೆಸರ್. ಹೋಮಿ ಭಾಭಾ 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಬಂದವರು ಯುದ್ಧ ಶುರುವಾಗಿ ವಾಪಸು ಹೋಗಲಾಗದೆ ಇಲ್ಲೇ ಉಳಿದಿದ್ದರು. ಕಾಸ್ಮಿಕ್ ಕಿರಣಗಳ ಸಂಶೋಧನಾ ವಿಭಾಗ ಅವರದ್ದು. ವಿಕ್ರಮ್ ಸಾರಾಭಾಯಿ ಕೂಡ ಯುದ್ಧದ ವರ್ಷಗಳಲ್ಲಿ ಇಲ್ಲೇ ಕೆಲಸ ಮಾಡಿದರು. ಇಪ್ಪತ್ತರ ಹುಡುಗ ಹರೀಶ್-ಚಂದ್ರ ಭಾಭಾ ಜೊತೆ ಸೇರಿದರು. ವಿದ್ಯುತ್ ಅಂಶ ಇರುವ ಬಿಂದುವಿನಂಥ ಕಣವೊಂದು ತಾನೇ ಹುಟ್ಟಿಸಿದ ಕ್ಷೇತ್ರದೊಳಗೆ ಹೇಗೆ ಚಲಿಸುತ್ತದೆ ಎಂಬ ಪ್ರಶ್ನೆ ಇಬ್ಬರದ್ದೂ. ಇದರ ಮೇಲೆ ಇಬ್ಬರೂ ಜಂಟಿಯಾಗಿ ಬರೆದ ಪ್ರಬಂಧಗಳು ರಾಯಲ್ ಸೊಸೈಟಿಯಲ್ಲಿ ಅಚ್ಚಾದವು.

ಇಳಿದುಕೊಂಡದ್ದು ಕಾಳೆ ದಂಪತಿಯ ಮನೆಯಲ್ಲಿ. ಶ್ರೀಮತಿ ಕಾಳೆ ಅಲಹಾಬಾದ್‌ನಲ್ಲಿ ಇವರಿಗೆ ಫ್ರೆಂಚ್ ಕಲಿಸಿದವರು. ಆ ಮನೆಯ ಮಗಳು ಲಲಿತಾ. ಆಗಿನ್ನೂ ಚಿಕ್ಕ ಹುಡುಗಿ. 1952ರಲ್ಲಿ ಹರೀಶ್-ಚಂದ್ರ ಅಮೆರಿಕದಿಂದ ಬಂದು ಆಕೆಯನ್ನೇ ಮದುವೆಯಾದರು. ಆ ವರ್ಷ ಭಾಭಾ ಕಟ್ಟಿದ ಮುಂಬಯಿಯ ಟಾಟಾ ಮೂಲ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಇದ್ದು ಹೋದರು. ಆ ಸಂಸ್ಥೆ 1945ರಲ್ಲಿ ಮೊದಲು ಶುರುವಾದದ್ದೂ ನಮ್ಮ ಬೆಂಗಳೂರಿನ ಕ್ಯಾಂಪಸ್ಸಿನಲ್ಲೇ.

1945ರಲ್ಲಿ ಕೇಂಬ್ರಿಜ್. ಡಿರಾಕ್ ಅವರೇ ಗೈಡ್. ಪುಸ್ತಕ ಓದಿ ಮನಸೋತವರಿಗೆ ಬರೆದವರೇ ಗುರುವಾಗಿ ಸಿಕ್ಕರೆ ಹೇಗಿರುತ್ತದೆ? ಮೊದಮೊದಲು ನಿರಾಸೆ. ಡಿರಾಕ್ ತರಗತಿಗೆ ಬಂದು ತಮ್ಮ ಪುಸ್ತಕವನ್ನೇ ಹೆಚ್ಚುಕಮ್ಮಿ ಓದಿಹೇಳುತ್ತಿದ್ದರು. ಪುಸ್ತಕ ಹೇಗೂ ಓದಿ ಆಗಿದೆ ಎಂದು ಇವರು ತರಗತಿ ಬಿಟ್ಟರು. ವೊಲ್ಫ್‌ಗ್ಯಾಂಗ್ ಪೌಲಿ ಉಪನ್ಯಾಸ ಕೊಟ್ಟಾಗ ಎದ್ದು ನಿಂತು ಅವರ ಕೆಲಸದಲ್ಲಿದ್ದ ತಪ್ಪೊಂದನ್ನು ತೋರಿಸಿದರು. ಪೌಲಿ ಅಂದರೆ ಎಂಥವರನ್ನೂ ಮಾತಿನಲ್ಲೇ ಕತ್ತರಿಸಿಹಾಕುವವರು. ಆದರೆ ಇವರಿಬ್ಬರಿಗೆ ಅಲ್ಲಿಂದ ಸ್ನೇಹ ಬೆಳೆಯಿತು.

ಪಿಎಚ್‌.ಡಿ.ಗೆ ಡಿರಾಕ್ ಕೊಟ್ಟ ವಿಷಯ ಲೊರೆಂಟ್ಜ್ ಗ್ರೂಪ್. ಐನ್‌ಸ್ಟೈನ್ ಸಾಪೇಕ್ಷತೆಯಲ್ಲಿ ಒಬ್ಬ ವೀಕ್ಷಕನ ಲೆಕ್ಕವನ್ನು ಇನ್ನೊಬ್ಬನ ಲೆಕ್ಕಕ್ಕೆ ಬದಲಾಯಿಸುವ ಎಲ್ಲ ಪರಿವರ್ತನೆಗಳ ಕೂಟ ಅದು. 1947ರಲ್ಲಿ ಪ್ರಬಂಧ ಮುಗಿಯಿತು. ಆ ಹೊತ್ತಿಗೇ ಅಮೆರಿಕದಲ್ಲಿ ಬಾರ್ಗ್‌ಮನ್, ಮಾಸ್ಕೋದಲ್ಲಿ ಗೆಲ್ಫಾಂಡ್ ಮತ್ತು ನೈಮಾರ್ಕ್ ಇಂಥದ್ದೇ ಪ್ರಶ್ನೆಗಳಲ್ಲಿ ಮುಳುಗಿದ್ದರು. 1947–48ರಲ್ಲಿ ಡಿರಾಕ್ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಗೆ ಹೋದಾಗ ಹರೀಶ್-ಚಂದ್ರ ಅವರ ಸಹಾಯಕರಾಗಿ ಜೊತೆಗೆ ಹೋದರು.

ಅಲ್ಲಿ ಆದದ್ದನ್ನು ಅವರೇ ಬರೆದಿದ್ದಾರೆ. ಪ್ರಿನ್ಸ್‌ಟನ್‌ನ ಗಣಿತಜ್ಞರನ್ನು ನೋಡಿದ ಮೇಲೆ ತಮ್ಮ ಪ್ರಬಂಧದ ಸಾಧನೆಗಳು (ಪ್ರೂಫ್‌ಗಳು) ಅಲ್ಲಲ್ಲಿ ಸಡಿಲ ಎಂದು ಗೊತ್ತಾಯಿತು. ಡಿರಾಕ್ ಹತ್ತಿರ ಹೋಗಿ ಕೊರಗಿದರು. ಡಿರಾಕ್ ಹೇಳಿದ್ದು ಇಷ್ಟೇ: ನನಗೆ ಸಾಧನೆಗಳಲ್ಲಿ ಆಸಕ್ತಿ ಇಲ್ಲ, ಪ್ರಕೃತಿ ಏನು ಮಾಡುತ್ತದೆ ಎಂಬುದರಲ್ಲಿ ಮಾತ್ರ ಆಸಕ್ತಿ. ಭೌತವಿಜ್ಞಾನಿಗೆ ಬೇಕಾದ ಆ ಆರನೇ ಇಂದ್ರಿಯ ತನಗಿಲ್ಲ ಎಂದು ಹರೀಶ್-ಚಂದ್ರರಿಗೆ ಆಗ ಖಾತ್ರಿಯಾಯಿತು. ಗಣಿತಕ್ಕೆ ಹೊರಳಿದರು.

ಫ್ರೀಮನ್ ಡೈಸನ್ ಹೇಳುತ್ತಿದ್ದ ಕಥೆಯೂ ಇದೆ. ಇಬ್ಬರೂ ಒಟ್ಟಿಗೆ ನಡೆದು ಹೋಗುತ್ತಿದ್ದಾಗ ಹರೀಶ್-ಚಂದ್ರ, "ನಾನು ಫಿಸಿಕ್ಸ್ ಬಿಟ್ಟು ಗಣಿತಕ್ಕೆ ಹೋಗುತ್ತೇನೆ, ಫಿಸಿಕ್ಸ್ ಬರೀ ಗೋಜಲು, ಕಟ್ಟುನಿಟ್ಟಿಲ್ಲ, ಕೈಗೆ ಸಿಗುವುದಿಲ್ಲ" ಅಂದರಂತೆ. ಡೈಸನ್ ಅಂದರಂತೆ, "ನಾನು ಗಣಿತ ಬಿಟ್ಟು ಫಿಸಿಕ್ಸಿಗೆ ಹೋಗುತ್ತಿದ್ದೇನೆ, ಕಾರಣ ಅದೇ." ಇಬ್ಬರೂ ಹೇಳಿದ ಹಾಗೇ ಮಾಡಿದರು. ನಿಮ್ಮ ಮೊಮ್ಮಗಳಿಗೆ ಇದನ್ನು ಓದಿ ಹೇಳಿ, ನಗುತ್ತಾಳೆ.

ಈಗ ಗಣಿತ. ನೀವು ಮೇಷ್ಟ್ರು, ಸ್ವಲ್ಪ ತಾಳ್ಮೆ ಕೇಳಿದರೆ ಬೈಯುವುದಿಲ್ಲ ಎಂಬ ಧೈರ್ಯ.

ಮೇಜಿನ ಮೇಲೆ ಒಂದು ಪುಸ್ತಕ ಇಡಿ. ಅದನ್ನು ನಿಮ್ಮ ಕಡೆಗೆ ಕಾಲು ಸುತ್ತು ಮಗುಚಿ. ಆಮೇಲೆ ಬಲಕ್ಕೆ ಕಾಲು ಸುತ್ತು ಮಗುಚಿ. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಬಲಕ್ಕೆ ಮೊದಲು, ನಿಮ್ಮ ಕಡೆಗೆ ಆಮೇಲೆ. ಪುಸ್ತಕ ಬೇರೆಯದೇ ಭಂಗಿಯಲ್ಲಿ ಕೂರುತ್ತದೆ. ಅಂದರೆ ತಿರುಗಿಸುವುದರಲ್ಲಿ ಕ್ರಮ ಮುಖ್ಯ. ಇಂಥ ಎಲ್ಲ ತಿರುಗಾಟಗಳನ್ನು ಒಟ್ಟಿಗೆ ತೆಗೆದುಕೊಂಡರೆ ಅದೊಂದು ಗ್ರೂಪ್. ಚೂರುಚೂರೇ ತಿರುಗಿಸಲು ಬರುವುದರಿಂದ ಇದು ಲೀ ಗ್ರೂಪ್, ನಾರ್ವೆಯ ಸೋಫಸ್ ಲೀ ಹೆಸರಿನದು. ಪುಸ್ತಕ ತಿರುಗಿಸುವ ಗ್ರೂಪ್‌ಗೆ ಒಂದು ಮಿತಿ ಇದೆ: ಎಷ್ಟು ಸುತ್ತಿದರೂ ಮೊದಲಿನ ಜಾಗಕ್ಕೆ ಬರುತ್ತೀರಿ. ಲೊರೆಂಟ್ಜ್ ಗ್ರೂಪ್ ಹಾಗಲ್ಲ. ವೇಗವನ್ನು ಹೆಚ್ಚಿಸುತ್ತಾ ಹೋದರೆ ವಾಪಸು ಬರುವ ಮಾತೇ ಇಲ್ಲ, ಅದು ಕೊನೆಯಿಲ್ಲದೆ ಹರಡಿಕೊಂಡಿದೆ. ಮಿತಿ ಇರುವ ಗ್ರೂಪ್‌ಗಳ ಲೆಕ್ಕವನ್ನು ಹರ್ಮನ್ ವೈಲ್ 1920ರ ದಶಕದಲ್ಲೇ ಮುಗಿಸಿದ್ದರು. ಹರಡಿಕೊಂಡವುಗಳ ಲೆಕ್ಕ ಯಾರಿಗೂ ಬಗ್ಗಿರಲಿಲ್ಲ.

ಯಾವ ಲೆಕ್ಕ? ತಂಬೂರಿಯ ತಂತಿ ಮೀಟಿದರೆ ಕೇಳುವುದು ಒಂದೇ ನಾದ. ಆದರೆ ಅದರೊಳಗೆ ಹಲವು ಶುದ್ಧ ಸ್ವರಗಳು ಬೇರೆಬೇರೆ ಅಳತೆಯಲ್ಲಿ ಕೂಡಿವೆ. ಫೂರಿಯೆ ತೋರಿಸಿಕೊಟ್ಟ ಗಣಿತ ಅದು. ಬಿಡಿ ಸ್ವರಗಳ ಶಕ್ತಿಯನ್ನೆಲ್ಲ ಕೂಡಿದರೆ ಇಡೀ ನಾದದ ಶಕ್ತಿಗೆ ಸರಿಯಾಗುತ್ತದೆ. ಈ ಜಮಾಖರ್ಚಿಗೆ ಪ್ಲಾಂಶೆರೆಲ್ ಸೂತ್ರ ಎಂದು ಹೆಸರು. ಗ್ರೂಪ್‌ಗಳ ಮೇಲಿನ ಫಂಕ್ಷನ್‌ಗಳನ್ನೂ ಹೀಗೇ ಬಿಡಿಸಬಹುದು. ಅಲ್ಲಿ ಶುದ್ಧ ಸ್ವರದ ಜಾಗದಲ್ಲಿ ಕೂರುವವು ಮತ್ತೆ ಒಡೆಯಲಾಗದ ರೆಪ್ರೆಸೆಂಟೇಷನ್‌ಗಳು, ಅಂದರೆ ಗ್ರೂಪ್‌ನ ಒಂದೊಂದು ಅಂಶವನ್ನೂ ಒಂದೊಂದು ಮ್ಯಾಟ್ರಿಕ್ಸ್ ಆಗಿ ಬರೆಯುವ ಬಗೆಗಳು. ಕೊನೆಯಿಲ್ಲದ ಗ್ರೂಪ್‌ಗಳಲ್ಲಿ ಇವೂ ಸಾಮಾನ್ಯವಾಗಿ ಅನಂತ ಆಯಾಮದವು. ಯಾವ ಯಾವ ಶುದ್ಧ ಸ್ವರಗಳಿವೆ, ಒಂದೊಂದಕ್ಕೂ ಎಷ್ಟೆಷ್ಟು ತೂಕ ಕೊಡಬೇಕು? ಇದನ್ನು ಒಂದು ಗ್ರೂಪ್‌ಗಲ್ಲ, ಸೆಮಿಸಿಂಪಲ್ ಎಂಬ ಜಾತಿಯ ಎಲ್ಲ ಗ್ರೂಪ್‌ಗಳಿಗೂ ಒಟ್ಟಿಗೇ ಹೇಳಬೇಕು ಎಂಬುದು ಹರೀಶ್-ಚಂದ್ರರ ಹಟ.

ಹಟ ಅಂದೆ. ಬೇಕೆಂದೇ ಅಂದೆ. 1952ರಲ್ಲಿ ಅವರು 2×2 ಮ್ಯಾಟ್ರಿಕ್ಸ್‌ಗಳ ಒಂದು ಗ್ರೂಪ್‌ಗೆ ಸೂತ್ರವನ್ನು ಬರೆದು ತೋರಿಸಿದರು. ಬೇರೆಯವರಾಗಿದ್ದರೆ ಆಮೇಲೆ 3×3, ಆಮೇಲೆ 4×4 ಎಂದು ಹೋಗುತ್ತಿದ್ದರೇನೋ. ಇವರು ಹಾಗೆ ಮಾಡಲಿಲ್ಲ. ಎಲ್ಲಕ್ಕೂ ಹೊಂದುವ ದಾರಿ ಸಿಗುವವರೆಗೆ ಬೇಕಾದ ಸಲಕರಣೆಗಳನ್ನು ಒಂದೊಂದಾಗಿ ತಾವೇ ಮಾಡಿಕೊಂಡರು. 1950ರಿಂದ 1963ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದ್ದರು. ಉದ್ದುದ್ದ ಪ್ರಬಂಧಗಳು ಒಂದರ ಹಿಂದೆ ಒಂದು ಬಂದವು, ಒಂದರ ಮೇಲೆ ಇನ್ನೊಂದು ನಿಂತವು. ನಡುವೆ ಆರ್ಮಾಂಡ್ ಬೊರೆಲ್ ಜೊತೆ 1962ರಲ್ಲಿ ಬರೆದ ಪ್ರಬಂಧ ಇವತ್ತಿಗೂ ಸಂಖ್ಯಾ ಸಿದ್ಧಾಂತದ (ನಂಬರ್ ಥಿಯರಿ) ಒಂದು ದೊಡ್ಡ ಭಾಗಕ್ಕೆ ಬುನಾದಿ.

ಒಂದು ತೊಡಕನ್ನು ಹೇಳುತ್ತೇನೆ, ಅವರ ರೀತಿ ಗೊತ್ತಾಗುತ್ತದೆ. ಒಂದು ರೆಪ್ರೆಸೆಂಟೇಷನ್ನಿನ ಗುರುತುಚೀಟಿ ಅದರ ಕ್ಯಾರೆಕ್ಟರ್. ಮ್ಯಾಟ್ರಿಕ್ಸ್‌ನ ಕರ್ಣದ ಸಂಖ್ಯೆಗಳನ್ನು ಕೂಡಿದರೆ ಅದು ಬರುತ್ತದೆ. ಆದರೆ ಮ್ಯಾಟ್ರಿಕ್ಸ್ ಅನಂತ ಗಾತ್ರದ್ದಾದರೆ ಆ ಮೊತ್ತ ಕೂಡುವುದೇ ಇಲ್ಲ. ಹರೀಶ್-ಚಂದ್ರ ಮೊದಲು ಅದಕ್ಕೊಂದು ಬಳಸು ಅರ್ಥ ಕೊಟ್ಟರು, ಡಿಸ್ಟ್ರಿಬ್ಯೂಷನ್ ಎಂಬ ರೂಪದಲ್ಲಿ. ಕೆಲಸಕ್ಕೆ ಅದು ಸಾಕು ಎಂದು ಬಿಡಬಹುದಿತ್ತು. ಬಿಡಲಿಲ್ಲ. ಅದು ನಿಜಕ್ಕೂ ಮಾಮೂಲಿ ಫಂಕ್ಷನ್ನೇ ಎಂದು ಸಾಧಿಸಿದ ಪ್ರಬಂಧ 1965ರಲ್ಲಿ ಬಂತು. ತಜ್ಞರು ಇದನ್ನು ಅವರ ಅತಿ ಕಷ್ಟದ ಪ್ರಮೇಯಗಳಲ್ಲಿ ಒಂದು ಅನ್ನುತ್ತಾರೆ.

ಆಮೇಲೆ ಬಂದದ್ದು ಡಿಸ್ಕ್ರೀಟ್ ಸೀರೀಸ್. ಕೆಲವು ಗ್ರೂಪ್‌ಗಳಲ್ಲಿ ಶುದ್ಧ ಸ್ವರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹರಿಯುತ್ತವೆ. ಇನ್ನು ಕೆಲವದರಲ್ಲಿ ಅವುಗಳ ಜೊತೆಗೆ ಬಿಡಿಬಿಡಿಯಾಗಿ ನಿಂತ ಸ್ವರಗಳೂ ಇರುತ್ತವೆ. ಎಲ್ಲಿ ಇವೆ, ಎಲ್ಲಿ ಇಲ್ಲ ಎನ್ನಲು ಅವರು ಒಂದು ಸರಳ ಪರೀಕ್ಷೆ ಕೊಟ್ಟರು. ತಾವು ಕೇಂಬ್ರಿಜ್‌ನಲ್ಲಿ ಶುರು ಮಾಡಿದ ಲೊರೆಂಟ್ಜ್ ಗ್ರೂಪ್‌ನಲ್ಲಿ ಇವು ಇಲ್ಲ. 1952ರ ಆ 2×2 ಗ್ರೂಪ್‌ನಲ್ಲಿ ಇವೆ. ವಿಚಿತ್ರ ಏನೆಂದರೆ ಅವರು ಈ ರೆಪ್ರೆಸೆಂಟೇಷನ್‌ಗಳನ್ನು ಕಟ್ಟಿ ತೋರಿಸಲಿಲ್ಲ. ಅವುಗಳ ಕ್ಯಾರೆಕ್ಟರ್‌ಗಳನ್ನು ಹಿಡಿದು, ಇವು ಇರಲೇಬೇಕು ಎಂದು ಸಾಧಿಸಿದರು. ಕಟ್ಟುವ ಕೆಲಸ ಆಮೇಲಿನವರದ್ದು. ಅದರಲ್ಲಿ ನಮ್ಮವರ ಪಾಲು ದೊಡ್ಡದು. ಮುಂಬಯಿಯ ಟಾಟಾ ಸಂಸ್ಥೆಯ ಎಂ.ಎಸ್. ನರಸಿಂಹನ್ ಜಪಾನಿನ ಒಕಮೊಟೊ ಜೊತೆ 1970ರಲ್ಲಿ ಒಂದು ಬಗೆಯ ಗ್ರೂಪ್‌ಗಳಿಗೆ ಕಟ್ಟಿದರು. ಈ ನರಸಿಂಹನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 2021ರಲ್ಲಿ ತೀರಿಕೊಂಡರು. ಅದೇ ಸಂಸ್ಥೆಯ ಆರ್. ಪಾರ್ಥಸಾರಥಿ 1972ರಲ್ಲಿ ಇನ್ನೊಂದು ದಾರಿ ತೋರಿಸಿದರು. ಅವರು ಬಳಸಿದ ಸಲಕರಣೆ ಯಾವುದು ಗೊತ್ತೇ? ಡಿರಾಕ್ ಆಪರೇಟರ್. ಸಾಧನೆಗಳಲ್ಲಿ ಆಸಕ್ತಿ ಇಲ್ಲ ಅಂದ ಗುರುವಿನ ಸಮೀಕರಣವೇ ಶಿಷ್ಯನ ಪ್ರಮೇಯಕ್ಕೆ ಮೈ ಕೊಟ್ಟಿತು.

ಬಿಟ್ಟುಬಂದ ಫಿಸಿಕ್ಸೂ ಇವರನ್ನು ಬಿಡಲಿಲ್ಲ. 1957ರ ಒಂದು ಪ್ರಬಂಧದಲ್ಲಿ ಅವರು ಒಂದು ಇಂಟಿಗ್ರಲ್ ಲೆಕ್ಕ ಮಾಡಿದ್ದರು. 1980ರಲ್ಲಿ ಇಟ್ಜಿಕ್‌ಸನ್ ಮತ್ತು ಜ್ಯೂಬರ್ ಎಂಬ ಫ್ರೆಂಚ್ ಭೌತವಿಜ್ಞಾನಿಗಳಿಗೆ ತಮ್ಮ ಕೆಲಸದಲ್ಲಿ ಅದೇ ಇಂಟಿಗ್ರಲ್ ಎದುರಾಯಿತು. ಈಗ ಅದಕ್ಕೆ ಮೂವರ ಹೆಸರೂ ಸೇರಿದೆ.

1963ರಲ್ಲಿ ಪ್ರಿನ್ಸ್‌ಟನ್ ಸಂಸ್ಥೆಗೆ ಪ್ರೊಫೆಸರ್ ಆಗಿ ಮರಳಿದರು, ಕೊನೆಯವರೆಗೂ ಅಲ್ಲೇ ಇದ್ದರು. ಲ್ಯಾಂಗ್‌ಲ್ಯಾಂಡ್ಸ್ ಕಿರಿಯ ವಯಸ್ಸಿನಲ್ಲಿ ಇವರ ಪ್ರಬಂಧಗಳನ್ನು ಅರೆದು ಕುಡಿದವರು. ಸಂಖ್ಯಾ ಸಿದ್ಧಾಂತವನ್ನೂ ಈ ರೆಪ್ರೆಸೆಂಟೇಷನ್‌ಗಳನ್ನೂ ಬೆಸೆಯುವ ಕೆಲಸಕ್ಕೆ ಇವತ್ತು ಲ್ಯಾಂಗ್‌ಲ್ಯಾಂಡ್ಸ್ ಪ್ರೋಗ್ರಾಂ ಎಂದು ಏನು ಹೇಳುತ್ತಾರೋ, ಅದರ ಅರ್ಧ ಭಾಷೆ ಹರೀಶ್-ಚಂದ್ರರದ್ದು. ಫೀಲ್ಡ್ಸ್ ಪದಕ ಇಲ್ಲದಿದ್ದರೇನು ಅನ್ನುವುದಕ್ಕೆ ನನ್ನ ಉತ್ತರ ಅದು.

ದೇಹ ಮಾತ್ರ ಜೊತೆ ಕೊಡಲಿಲ್ಲ. 1969ರಲ್ಲಿ ಮೊದಲ ಹೃದಯಾಘಾತ, 1982ರಲ್ಲಿ ಮೂರನೆಯದು. 1983ರ ಅಕ್ಟೋಬರ್‌ನಲ್ಲಿ ಬೊರೆಲ್ ಅವರ 60ನೇ ವರ್ಷಕ್ಕೆಂದು ಪ್ರಿನ್ಸ್‌ಟನ್‌ನಲ್ಲಿ ವಾರವಿಡೀ ಸಮ್ಮೇಳನ ಇತ್ತು. ಅದರ ಕೊನೆಯ ದಿನ, 16ರಂದು, ಸಂಜೆ ವಾಕಿಂಗ್ ಹೋದವರು ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಿ ಐದು ದಿನವಾಗಿತ್ತು. ಮುಂದಿನ ವರ್ಷ ಇವರ ಹೆಸರಿನಲ್ಲೂ ಅಂಥದ್ದೇ ಸಮ್ಮೇಳನ ನಡೆಸಬೇಕೆಂದಿದ್ದರು. ಅವರ ಪ್ರಬಂಧಗಳೆಲ್ಲ 1984ರಲ್ಲಿ ನಾಲ್ಕು ಸಂಪುಟಗಳಾಗಿ ಬಂದವು.

ಇನ್ನು ನಿಮ್ಮ ಮೊಮ್ಮಗಳು. ಅಪ್ಪ ಅಮ್ಮನ ದಿಗಿಲನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಹರೀಶ್-ಚಂದ್ರ ಫಿಸಿಕ್ಸಿನ ಬಾಗಿಲು ಹಾಕಿ ಗಣಿತದ ಬಾಗಿಲು ತಟ್ಟಿದವರಲ್ಲ. ಒಂದೇ ಪ್ರಶ್ನೆ ಅವರನ್ನು ಅತ್ತ ಎಳೆದುಕೊಂಡು ಹೋಯಿತು. ಪಿಎಚ್‌.ಡಿ. ಮಾಡಿದ್ದೂ ಫಿಸಿಕ್ಸಿನ ಗುರುವಿನ ಬಳಿಯೇ. ಗಣಿತವನ್ನು ಸರಿಯಾಗಿ ಕಲಿತದ್ದು ಆಮೇಲೆ, ಪ್ರಿನ್ಸ್‌ಟನ್‌ನಲ್ಲಿ, ವೈಲ್, ಆರ್ಟಿನ್, ಶೆವಾಲೆ ಅವರಂಥವರಿಂದ. ಹೆಚ್ಚು ತಿಳಿದುಕೊಂಡರೆ ಎಚ್ಚರಿಕೆ ಜಾಸ್ತಿಯಾಗಿ ಕಲ್ಪನೆಯ ರೆಕ್ಕೆ ಕಟ್ಟಿಹೋಗುತ್ತದೆ, ಸ್ವಲ್ಪ ಮುಗ್ಧತೆ ಇದ್ದರೆ ಒಳ್ಳೆಯದೇ ಎಂದು ಅವರು ಬರೆದದ್ದೂ ಇದೆ. ಇದನ್ನು ಅವಳಿಗೆ ಓದಿಸುವಾಗ ಒಂದು ಮಾತು ಸೇರಿಸಿ: ಹೀಗೆ ಬರೆದವರು ಕಲಿಯಬೇಕಾದದ್ದನ್ನು ಒಂದೂ ಬಿಡದೆ ಕಲಿತಿದ್ದರು.

ಅವಳನ್ನು ನೇರ ಕೇಳಿ: ಫಿಸಿಕ್ಸ್ ಬೇಸರ ಆಗಿದೆಯೋ, ಅಥವಾ ಯಾವುದಾದರೂ ಒಂದು ಗಣಿತದ ಪ್ರಶ್ನೆ ತಲೆ ತಿನ್ನುತ್ತಿದೆಯೋ? ಬರೀ ಬೇಸರವಾದರೆ ಒಂದು ವರ್ಷ ಕಾಯಲಿ. ಪ್ರಶ್ನೆಯಾದರೆ ಈಗಿಂದಲೇ ಗಣಿತ ವಿಭಾಗದ ಟೋಪಾಲಜಿ, ಮೆಷರ್ ಥಿಯರಿ, ಫಂಕ್ಷನಲ್ ಅನಾಲಿಸಿಸ್ ತರಗತಿಗಳಲ್ಲಿ ಹೋಗಿ ಕೂರಲಿ. ಫಿಸಿಕ್ಸ್ ಎಂ.ಎಸ್‌ಸಿ.ಯಲ್ಲಿ ಇವು ಸಾಮಾನ್ಯವಾಗಿ ಸಿಗುವುದಿಲ್ಲ, ಎಡವುವುದು ಅಲ್ಲೇ. ಪೂರ್ತಿ ಒಂದು ಕಡೆಗೆ ಹಾರಬೇಕೆಂದೂ ಇಲ್ಲ. ಅಲಹಾಬಾದ್‌ನಲ್ಲಿ (ಈಗಿನ ಪ್ರಯಾಗರಾಜ್) ಹರೀಶ್-ಚಂದ್ರರ ಹೆಸರಿನದೇ ಸಂಶೋಧನಾ ಸಂಸ್ಥೆ ಇದೆ. ಮೊದಲು ಮೆಹ್ತಾ ಸಂಸ್ಥೆ ಎಂದಿತ್ತು, 2000ದಲ್ಲಿ ಈ ಹೆಸರಾಯಿತು. ಅಲ್ಲಿ ಗಣಿತ, ಸೈದ್ಧಾಂತಿಕ ಭೌತವಿಜ್ಞಾನ ಎರಡೂ ಒಂದೇ ಸೂರಿನಡಿ ನಡೆಯುತ್ತವೆ. ಬೆಂಗಳೂರಿನ ಹೆಸರಘಟ್ಟದ ಕಡೆ ಇರುವ ಸೈದ್ಧಾಂತಿಕ ವಿಜ್ಞಾನಗಳ ಅಂತಾರಾಷ್ಟ್ರೀಯ ಕೇಂದ್ರ ಐಸಿಟಿಎಸ್‌ನಲ್ಲೂ ಈ ಎರಡರ ನಡುವಿನ ಕೆಲಸ ಮಾಡುವವರಿದ್ದಾರೆ.

ಪ್ರವೇಶದ ನಿಯಮಗಳು ವರ್ಷವರ್ಷವೂ ಬದಲಾಗುತ್ತವೆ, ಅವನ್ನು ಆಯಾ ಸಂಸ್ಥೆಯಲ್ಲೇ ವಿಚಾರಿಸಬೇಕು. ಅವಳು ಇಲ್ಲಿಯವರೆಗೆ ಗಣಿತದಲ್ಲಿ ಏನೇನು ಓದಿದ್ದಾಳೆ ಎಂದು ಅವಳ ಕೈಯಲ್ಲೇ ಒಂದು ಪುಟ ಬರೆಸಿ ಕಳಿಸಿ. ನಮಗೆ ಬರೆಯುವ ಗಣಿತದ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿ, ಅವರು ಹೇಳಿದ್ದನ್ನು ನಿಮ್ಮ ವಿಳಾಸಕ್ಕೇ ಕಳಿಸುತ್ತೇನೆ. ಪತ್ರಿಕೆಯಲ್ಲಿ ಹಾಕುವುದಿಲ್ಲ.

— ಸಂಪಾದಕ